ಬಳೆಗೆ ಸುತ್ತಿದ ಕರವಸ್ತ್ರ

ಕೈತುಂಬ ಹಸಿರು ಗಾಜಿನ ಬಳೆ, ಅವುಗಳ ಮೇಲೆ ಬಿಗಿಯಾಗಿ ಸುತ್ತಿದ ಬಿಳಿ ಕರವಸ್ತ್ರ. ಮೇಡಂ ಎಂದೊಡನೆ ನನ್ನ ಕಣ್ಣಿಗೆ ಕಟ್ಟುವುದು ಆ ಎರಡು ಕೈಗಳು. ದೊಡ್ಡಬಳ್ಳಾಪುರದ ನಮ್ಮ ಮನೆಯ ಹೊಸಿಲು ದಾಟುವ ಮೊದಲು ಜಗುಲಿಯಲ್ಲಿ ನಿಂತು ಹಾಗೆ ಸುತ್ತಿಕೊಳ್ಳುತ್ತಿದ್ದರು. ನನ್ನ ಮಗಳಿಗೆ ಬಳೆಯ ಸದ್ದು ಆಗುತ್ತಿರಲಿಲ್ಲ. ಅದು ತಿಳಿದ ದಿನ ಮೇಡಂ ಬಳೆ ಬಿಚ್ಚಲು ಹೋದಾಗ ನಮ್ಮತ್ತೆ, "ಅಯ್ಯೋ, ಮುತ್ತೈದೆ ಬರಿಗೈಲಿ ಒಳಗೆ ಬರ್ತಾರೇನಮ್ಮಾ?" ಎಂದು ತಡೆದರು. ಮೇಡಂ ಚೀಲದಿಂದ ಎರಡು ಕರವಸ್ತ್ರ ತೆಗೆದು ಸುತ್ತಿಕೊಂಡು, "ಈಗ ಸರಿನಾ ಅಜ್ಜಿ?" ಎಂದರು.

ಅವರು ಮನಶ್ಶಾಸ್ತ್ರಜ್ಞೆ. ನನ್ನ ಮಗಳನ್ನು ನೋಡಲು ಬೆಂಗಳೂರಿನಿಂದ ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದರು. ತೊಂಬತ್ತರ ದಶಕದ ಆರಂಭವದು. ನಮ್ಮ ಬೀದಿಯವರಿಗೆ ಅವರು "ಹುಚ್ಚಿನ ಡಾಕ್ಟ್ರು". ಮಗಳಿಗೆ ಆಗ ಆರು ವರ್ಷ, ಆಡುವ ಮಾತು ಎರಡೋ ಮೂರೋ. ರೇಷ್ಮೆ ಸೀರೆ ನೇಯುವ ನಮ್ಮ ಪವರ್‌ಲೂಮಿನ ಪಕ್ಕ ಕೂತು ಅದರ ಸದ್ದಿಗೆ ಸರಿಯಾಗಿ ಹಿಂದೆ ಮುಂದೆ ತೂಗಾಡುತ್ತಿದ್ದಳು. ಕಿವಿ ಗಡಚಿಕ್ಕುವ ಮಗ್ಗ ಬೇಕು, ಬಳೆಯ ಕಿಣಿಕಿಣಿ ಬೇಡ! ಎಂಥ ಮಗುವಪ್ಪಾ ಎಂದು ತಲೆ ಚಚ್ಚಿಕೊಳ್ಳುತ್ತಿದ್ದೆ.

ಅತ್ತೆ ತಾಯತ ಮಾಡಿಸಿ ತಂದಿದ್ದರು. ಕಟ್ಟಿದಾಗಲೆಲ್ಲ ಮಗಳು ಚೀರಿ ಕಿತ್ತೆಸೆಯುತ್ತಿದ್ದಳು. "ಒಳಗಿರೋ ಗಾಳಿಗೇ ಕಣೇ ಅದು ಆಗ್ತಿಲ್ಲ" ಎಂದು ಅತ್ತೆ ತೀರ್ಮಾನಿಸಿದರು. ಬೇವಿನ ಬರಲಿನಿಂದ ಹೊಡೆದು ಗಾಳಿ ಬಿಡಿಸುವವನೊಬ್ಬನ ಬಳಿಗೆ ಬರುವ ಅಮಾವಾಸ್ಯೆಗೆ ಕರೆದೊಯ್ಯುವುದೆಂದಾಯಿತು. ನನ್ನ ಗಂಡ ತಾಯಿಗೆ ಎದುರಾಡುವವರಲ್ಲ. ಆರು ವರ್ಷದ ಕೂಸಿಗೆ ಬರಲೇಟು!

ಆ ಸಿಟ್ಟನ್ನೆಲ್ಲ ಮೇಡಂ ಮೇಲೆ ತೀರಿಸಿದೆ. "ಎರಡು ತಿಂಗಳಿಂದ ಬರ್ತಿದೀರಾ, ಇವಳ ಪಕ್ಕ ಸುಮ್ನೆ ಕೂತ್ಕೊಂಡು ಹೋಗ್ತೀರಾ. ಯಾವಾಗ ಸರಿ ಮಾಡ್ತೀರಾ?"

"ಕೆಟ್ಟೋಗಿದ್ರೆ ತಾನೇ ಸರಿ ಮಾಡೋದು?" ಎಂದರು ಅವರು. "ತೂಗಾಡಿದ್ರೆ ಅವಳಿಗೆ ಸಮಾಧಾನ, ತಡೀಬೇಡಿ. ಏನು ನೋಯ್ತಾ ಇದೆ ಅಂತ ಹುಡುಕೋಣಮ್ಮ."

ಆಮೇಲೆ ಅತ್ತೆಯ ಎದುರು ನೆಲದಲ್ಲಿ ಚಕ್ಕಂಬಕ್ಕಳ ಹಾಕಿ ಕುಳಿತರು. ಕಿತ್ತೆಸೆದ ತಾಯತವನ್ನು ಕಣ್ಣಿಗೊತ್ತಿಕೊಂಡು, ತಮ್ಮ ಕತ್ತಿಗೇ ಹಿಡಿದು ಉಜ್ಜಿಕೊಂಡರು. ತಾಮ್ರದ ಅಂಚು ಚೂಪಾಗಿತ್ತು, ದಾರ ಒರಟು. "ಅಜ್ಜಿ, ಇದು ನಂಗೇ ಚುಚ್ತಾ ಇದೆ. ನಿಮ್ಮನೇಲಿ ರೇಷ್ಮೆಗೇನು ಬರವಾ? ಮೆತ್ತಗೆ ಸುತ್ತಿ ನೋಡೋಣ್ವಾ?"

ನಾನಾಗಿದ್ದರೆ ತಾಯತವನ್ನು ಚರಂಡಿಗೆಸೆದು ರಂಪ ಮಾಡುತ್ತಿದ್ದೆ, ಮಗು ಅಮಾವಾಸ್ಯೆಗೆ ಏಟು ತಿನ್ನುತ್ತಿತ್ತು. ಮೇಡಂ "ಬಿಸಾಕಿ" ಎನ್ನಲಿಲ್ಲವಲ್ಲ, ಹಠಮಾರಿ ಅತ್ತೆ ಅದಕ್ಕೇ ಕರಗಿದರು. ರೇಷ್ಮೆ ಚೂರಿನಲ್ಲಿ ತಾಯತ ಸುತ್ತಿ ಹೊಲಿದರು, ನುಣ್ಣನೆಯ ಎಳೆಗಳನ್ನು ಹೊಸೆದು ದಾರ ಮಾಡಿದರು. "ಕಟ್ಬೇಡಿ, ಮೊದಲು ಅವಳ ಕೈಗೆ ಕೊಡಿ" ಎಂದರು ಮೇಡಂ. ಮಗಳು ಅದನ್ನು ಕೆನ್ನೆಗೆ ಉಜ್ಜಿಕೊಂಡಳು, ಮೂಸಿದಳು. ಮೂರನೆಯ ದಿನ ತಾನೇ ಅಜ್ಜಿಯ ಮುಂದೆ ಕತ್ತು ಒಡ್ಡಿದಳು.

ಅಮಾವಾಸ್ಯೆ ಬಂದು ಹೋಯಿತು. ತಾಯತ ಕತ್ತಿನಲ್ಲೇ ಇತ್ತು. "ಗಾಳಿನೂ ಇಲ್ಲ ಗೀಳಿನೂ ಇಲ್ಲ, ಮಗೂಗೆ ಚುಚ್ತಿತ್ತು ಅಷ್ಟೇ" ಎಂದು ಅತ್ತೆಯೇ ಬೀದಿಯವರಿಗೆಲ್ಲ ಹೇಳಿದರು. ನನ್ನ ಮಗಳನ್ನು ನನಗೇ ತೋರಿಸಿಕೊಟ್ಟವರು ಮೇಡಂ. ಆ ಋಣ ತೀರುವಂಥದ್ದಲ್ಲ.

ಮಗಳಿಗೆ ಹದಿನಾಲ್ಕಾಗಿದ್ದಾಗ ಮೇಡಂ ಎದೆನೋವಿನಿಂದ ತೀರಿಹೋದರು. ಜನ ಸೇರಿದರೆ ಓಡಿಹೋಗುವ ಮಗಳು ಅಂದು ನನಗಿಂತ ಮೊದಲೇ ಚಪ್ಪಲಿ ಮೆಟ್ಟಿ ನಿಂತಳು. ಬೆಂಗಳೂರಿನ ಅವರ ಮನೆಯಲ್ಲಿ, ಮುತ್ತೈದೆಯಾಗಿ ಹೋದವರೆಂದು ಕೈತುಂಬ ಹೊಸ ಹಸಿರು ಬಳೆ ತೊಡಿಸಿ ಮಲಗಿಸಿದ್ದರು. ಮಗಳು ನೇರ ಹೋಗಿ, ತನ್ನ ಕರವಸ್ತ್ರ ತೆಗೆದು ಒಂದು ಕೈಯ ಬಳೆಗಳಿಗೆ ಸುತ್ತತೊಡಗಿದಳು.

"ಏಯ್, ಏನಮ್ಮಾ ಅದು? ಬಿಡು!" ಎಂದು ಯಾರೋ ಗದರಿದರು.

"ಸುತ್ಲಿ ಬಿಡಿ" ಎಂದರು ಮೇಡಂ ಅವರ ಯಜಮಾನರು. ಕಣ್ಣೊರೆಸಿಕೊಳ್ಳುತ್ತಿದ್ದ ತಮ್ಮ ಕರವಸ್ತ್ರವನ್ನು ಮಡಿಸಿ, ಇನ್ನೊಂದು ಕೈಗೆಂದು ಅವಳಿಗೆ ಕೊಟ್ಟರು.