ಕಿಟಕಿ ಗಿಡಗಳ ರತ್ನಕ್ಕ

ಕೊಚ್ಚಿಯ ಪಾಲಾರಿವಟ್ಟಂ ಜಂಕ್ಷನ್ನಿನ ಬೀದಿದೀಪಗಳು ಇನ್ನೂ ಆರಿಲ್ಲ. ಆಟಿ ತಿಂಗಳ ಮಳೆ ಗಾಜಿನ ಗೋಡೆಯ ಮೇಲೆ ಸದ್ದಿಲ್ಲದೆ ಇಳಿಯುತ್ತಿದೆ. ಐದನೇ ಮಹಡಿಯ ಬ್ಯಾಂಕ್ ಕಚೇರಿಯಲ್ಲಿ ಕುರ್ಚಿಗಳೆಲ್ಲ ಖಾಲಿ. ರತ್ನ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬರಿಗಾಲಲ್ಲಿ ಕಿಟಕಿಯತ್ತ ನಡೆಯುತ್ತಾರೆ. ದಪ್ಪ ಎಲೆಯ ಪುಟ್ಟ ಗಿಡವಿರುವ ಕುಂಡವೊಂದನ್ನು ಎತ್ತಿ, ಕಣ್ಣು ಮುಚ್ಚಿ, ಅಂಗೈಯಲ್ಲೇ ತೂಗುತ್ತಾರೆ. ಹಗುರವಿದ್ದರೆ ಗಿಡಕ್ಕೆ ಬಾಯಾರಿದೆ. ಭಾರವಿದ್ದರೆ ಯಾರೋ ನೀರು ಹಾಕಿದ್ದಾರೆ. ಹೊರಗೆ ದಿನದ ಮೊದಲ ಮೆಟ್ರೋ ದೀಪದ ಸಾಲಿನಂತೆ ತೇಲಿಹೋಗುತ್ತದೆ. ಅವರು ಕಣ್ಣು ತೆರೆಯುವುದಿಲ್ಲ.

"ಮಳೆಗಾಲದಲ್ಲಿ ಇವಕ್ಕೆ ಉಪವಾಸ" ಎನ್ನುತ್ತಾರೆ ರತ್ನ. "ಗಾಳಿಯಲ್ಲೇ ಬೇಕಾದಷ್ಟು ತೇವ ಉಂಟು. ಪ್ರೀತಿ ಇದ್ದವರು ಸ್ವಲ್ಪ ಸುಮ್ನೆ ಕೂತ್ಕೊಳ್ಬೇಕು."

ಸುಮ್ಮನೆ ಕೂರುವುದು ಕಚೇರಿಯವರಿಂದ ಆಗುವ ಕೆಲಸವೇ? ಮೇಜಿನ ಮೇಲೆ ಗಿಡ ಕಂಡರೆ ಬಾಟಲಿಯ ತಳದ ನೀರೆಲ್ಲ ಅದಕ್ಕೆ. ಮೀಟಿಂಗ್ ಉದ್ದವಾದರೆ ತಣ್ಣಗಾದ ಚಹಾವೂ ಅದಕ್ಕೇ. ಇಂಥ ಉಪಚಾರಕ್ಕೆ ಕೊಳೆತು ಕಸದಬುಟ್ಟಿ ಸೇರಿದ ಗಿಡಗಳೇ ರತ್ನ ಅವರನ್ನು ಈ ಕೆಲಸಕ್ಕೆ ಕರೆತಂದದ್ದು. ಕಾಸರಗೋಡಿನ ಬದಿಯಡ್ಕದ ಕಡೆಯವರು ಅವರು. ಗಂಡ ವಿಠಲ ಕಳಮಶ್ಶೇರಿಯ ಕಾರ್ಖಾನೆಯೊಂದಕ್ಕೆ ಕಾವಲುಗಾರನಾಗಿ ಬಂದಾಗ ಜೊತೆಗೆ ಬಂದು, ಇದೇ ಕಟ್ಟಡದಲ್ಲಿ ನೆಲ ಒರೆಸಲು ಸೇರಿದರು. ಬುಟ್ಟಿಯಿಂದ ಹೆಕ್ಕಿದ ಎಲೆಗಳು ಮೆಟ್ಟಿಲ ಕೆಳಗಿನ ಹಳೆ ಪೇಪರಿನ ಮೇಲೆ ಚಿಗುರಿದವು. ಈಗ ನೆಲದ ಕೆಲಸ ಮುಗಿದ ಮೇಲೆ ಮೂರು ಕಟ್ಟಡಗಳ ಕಿಟಕಿ ಗಿಡಗಳೂ ಅವರ ಪಾಲಿಗೆ. ಸಂಬಳದ ಚೀಟಿಯಲ್ಲಿ ಮಾತ್ರ ಇವತ್ತಿಗೂ 'ಕ್ಲೀನಿಂಗ್' ಎಂದೇ ಇದೆ.

ಎರಡು ವರ್ಷದ ಹಿಂದೆ, ಇಂಥದ್ದೇ ಮಳೆಯ ಬೆಳಿಗ್ಗೆ, ಈ ಬ್ಯಾಂಕಿನ ಆಫೀಸರ್ ನಿರ್ಮಲ ಟವೆಲಿನಲ್ಲಿ ಸುತ್ತಿದ ಏನನ್ನೋ ಎದೆಗವಚಿಕೊಂಡು ಬಂದರು. ಅವರು ಮೈಸೂರಿನವರು, ವರ್ಗವಾಗಿ ಇಲ್ಲಿಗೆ ಬಂದವರು. ಒಳಗಿದ್ದದ್ದು ಹಿಡಿ ಮುರಿದ ಕಾಫಿ ಕಪ್ಪು, ಅದರಲ್ಲಿ ಗುಲಾಬಿಯ ಹಾಗೆ ಸುತ್ತು ಸುತ್ತು ಎಲೆಯ ಗಿಡ. ಅಮ್ಮ ಕೊನೆಯ ಸಲ ಕೊಚ್ಚಿಗೆ ಬಂದಾಗ ಕೈಚೀಲದಲ್ಲಿ ತಂದುಕೊಟ್ಟದ್ದು. ಅಮ್ಮ ತೀರಿಕೊಂಡ ಮೇಲೆ ನಿರ್ಮಲ ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಕಲಶದ ನೀರನ್ನು ಅದಕ್ಕೇ ಹಾಕುತ್ತಿದ್ದರು. ಅವರ ಫ್ಲಾಟಿನಲ್ಲಿ ತುಳಸಿ ಇರಲಿಲ್ಲ. ಕಪ್ಪಿಗೆ ತೂತೂ ಇರಲಿಲ್ಲ.

ಬುಡ ಕಪ್ಪಾಗಿತ್ತು. ರತ್ನ ಬೆರಳಿಟ್ಟರೆ ಅದು ಮೆತ್ತಗೆ ಒಳಗೆ ಹೋಯಿತು.

"ತಲೆ ಕತ್ತರಿಸ್ಬೇಕು ಮೇಡಂ, ಬೇರೆ ದಾರಿ ಇಲ್ಲ" ಎಂದರು. ನಿರ್ಮಲ ಗೋಡೆಯ ಕಡೆ ತಿರುಗಿ ನಿಂತರು.

ಮಾರನೆಯ ದಿನ ನಿರ್ಮಲ ಮೆಟ್ಟಿಲ ಕೆಳಗೆ ಬಂದು ನೋಡಿದರೆ ಗಿಡದ ತಲೆ ಪೇಪರಿನ ಮೇಲೆ ಬರಿದೇ ಬಿದ್ದಿದೆ. ಮಣ್ಣಿಲ್ಲ, ನೀರಿಲ್ಲ. ಪಕ್ಕದಲ್ಲಿ ಕಿತ್ತಿಟ್ಟ ನಾಲ್ಕು ಎಲೆಗಳು. ನಿರ್ಮಲ ಅಳುವನ್ನು ತಡೆಯಲಾರದೆ ಹೋದರು. "ಒಂದ್ ತೊಟ್ಟು ನೀರಾದ್ರೂ ಹಾಕಿ ರತ್ನಕ್ಕ. ಹೀಗೆ ಅನಾಥವಾಗಿ ಬಿದ್ದಿದ್ಯಲ್ಲ!"

"ಗಾಯ ಒಣಗ್ಲಿ ಮೇಡಂ. ಈಗ ನೀರು ಕೊಟ್ರೆ ಇದೂ ಕೊಳೀತದೆ."

ಆ ದಿನ ನೆನೆದರೆ ರತ್ನ ಅವರ ದನಿ ಈಗಲೂ ತಗ್ಗುತ್ತದೆ. "ಬೇರು ಬರ್ತದೆ ಅಂತ ಅವರಿಗೆ ಧೈರ್ಯ ಹೇಳಿದೆ. ನನ್ನ ಹೊಟ್ಟೆಯೊಳಗೇ ಧೈರ್ಯ ಇರ್ಲಿಲ್ಲ ಮಾರಾಯ್ರೆ. ಮಳೆಗಾಲ ಅಲ್ವಾ, ಗಾಯವೇ ಒಣಗುದಿಲ್ಲ. ಇದೂ ಹೋದ್ರೆ ಅವರ ಅಮ್ಮನನ್ನು ನಾನು ಇನ್ನೊಂದು ಸಲ ಕಳಿಸಿಕೊಟ್ಟ ಹಾಗೆ."

ದಿನಗಳು ಹೋದವು. ಬೆಳಿಗ್ಗೆ ಬಂದವರೇ ರತ್ನ ಮೊದಲು ಅದನ್ನು ತಿರುಗಿಸಿ ನೋಡುತ್ತಿದ್ದರು. ಕನಸಿನಲ್ಲೂ ಅದೇ ಕತ್ತರಿಸಿದ ಬುಡ ಕಾಣುತ್ತಿತ್ತಂತೆ. ಆಟಿ ಕಳೆದು ಮೋಡ ಸ್ವಲ್ಪ ಹರಿದ ಒಂದು ಮುಂಜಾನೆ, ಬುಡದಲ್ಲಿ ಕೂದಲೆಳೆಯಷ್ಟು ತೆಳುವಾದ ಗುಲಾಬಿ ಬೇರುಗಳು ಹೊರಟಿದ್ದವು. ಒಂದು ಎಲೆಯ ತುದಿಯಲ್ಲಿ ಅಕ್ಕಿಕಾಳಿನಷ್ಟು ಮರಿಯೂ ಇತ್ತು. ಸಂತೋಷಕ್ಕೆ ಅವರು ಒರೆಸುವ ಬಟ್ಟೆಯನ್ನೇ ಕಣ್ಣಿಗೆ ಒತ್ತಿಕೊಂಡರಂತೆ. ತೂತಿರುವ ಮಣ್ಣಿನ ಕುಂಡಕ್ಕೆ ಮರಳು, ಇದ್ದಿಲು, ಇಟ್ಟಿಗೆ ಚೂರು ಬೆರೆಸಿ ನೆಟ್ಟರು. ನಿರ್ಮಲ ಬಂದು ರತ್ನ ಅವರ ಎರಡೂ ಕೈ ಹಿಡಿದುಕೊಂಡು ನಿಂತರು.

ಈಗ ನಿರ್ಮಲ ತಿರುವನಂತಪುರದಲ್ಲಿದ್ದಾರೆ. ಗಿಡವೂ ಅವರ ಜೊತೆ ಹೋಗಿದೆ, ಕಡಲಗಾಳಿ ಬರುವ ಕಿಟಕಿಯಲ್ಲಿ ಕೂತಿದೆ. ಆಗಾಗ ಫೋಟೋ ಬರುತ್ತದೆ. ಹೊರಡುವ ದಿನ ಅವರು ಎಲೆಯಿಂದ ಹುಟ್ಟಿದ ಮರಿಯನ್ನು ರತ್ನ ಅವರ ಕೈಗಿಟ್ಟು, "ಇದು ನಿಮ್ದು ರತ್ನಕ್ಕ, ಮನೇಲಿ ಇಟ್ಕೊಳ್ಳಿ" ಎಂದಿದ್ದರು.

ಇಡುವುದೆಲ್ಲಿ? ಕಳಮಶ್ಶೇರಿಯ ಒಂದೇ ಕೋಣೆಯ ಮನೆಗೆ ಇರುವ ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆಯುತ್ತದೆ. ಊರಿಗೆಲ್ಲ ಕಿಟಕಿ ಗಿಡ ಸಾಕುವವರ ಮನೆಯೊಳಗೆ ಬಿಸಿಲೇ ಇಲ್ಲ. "ಪೂರ್ವಕ್ಕೆ ಒಂದು ಕಿಟಕಿ ಇರುವ ಬಾಡಿಗೆ ಕೋಣೆ ಸಿಕ್ಕಿದ್ರೆ ಸಾಕು" ಎನ್ನುತ್ತಾರೆ. ಅಲ್ಲಿಯವರೆಗೆ ಮರಿ ಈ ಐದನೇ ಮಹಡಿಯ ಕಿಟಕಿಯ ಮೂಲೆಯಲ್ಲಿದೆ.

ಮಳೆ ತೆಳುವಾಗಿದೆ, ಗಾಜಿನ ಮೇಲೆ ಬೆಳಕು ಹರಡುತ್ತಿದೆ. ರತ್ನ ಆ ಕುಂಡವನ್ನು ಎತ್ತಿ ತೂಗಿ, ಹಗುರವಿದೆ, ಯಾರೂ ನೀರು ಹಾಕಿಲ್ಲ ಎಂದು ಸಮಾಧಾನದಿಂದ ಕೆಳಗಿಡುತ್ತಾರೆ.

"ಹೊಸಬರು ಬಂದ್ರೆ ಇದು ಯಾರ ಗಿಡ ಅಂತ ಕೇಳ್ತಾರೆ. ಇಷ್ಟು ವರ್ಷ ಯಾವ ಗಿಡ ತೋರ್ಸಿ ಕೇಳಿದ್ರೂ ಬೇರೆಯವರ ಹೆಸರೇ ಹೇಳ್ತಿದ್ದೆ" ಎಂದು ನಗುತ್ತಾರೆ. "ಇದಕ್ಕೆ ಮಾತ್ರ, ನನ್ನದು ಅಂತೇನೆ."