ಮಣ್ಣುಮಾಮನ ಕಟಿಂಗ್ ಅಂಗಡಿ

ಭಾನುವಾರ ಬೆಳಗಿನ ಐದೂವರೆ. ಬೀದಿಯ ಬಾಗಿಲುಗಳೆಲ್ಲ ಇನ್ನೂ ಮುಚ್ಚಿವೆ. ಕಟಿಂಗ್ ಅಂಗಡಿಯ ಹಿಂದಿನ ನಲ್ಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಕ್ಷೌರಿಕರೊಬ್ಬರು ಮಣ್ಣು ನಾದುತ್ತಿದ್ದಾರೆ. ಕಲ್ಲು ಆರಿಸುತ್ತಾರೆ, ನೀರು ಚಿಮುಕಿಸುತ್ತಾರೆ, ಅಂಗೈಯಲ್ಲಿ ಒತ್ತಿ ಹದ ನೋಡುತ್ತಾರೆ. ನಿಂಬೆಹಣ್ಣಿನ ಗಾತ್ರದ ಇಪ್ಪತ್ತು ಉಂಡೆ ಆದ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಉಗುರಿನ ಸಂದಿಯನ್ನು ಬ್ರಷ್ ಹಾಕಿ ತಿಕ್ಕುತ್ತಾರೆ. ಇನ್ನೊಂದು ಗಂಟೆಗೆ ಇದೇ ಕೈ ಜನರ ಮುಖ ಮುಟ್ಟಬೇಕು.

"ಅಣ್ಣಾ, ಬೋರ್ಡ್ ಬದಲಾಯಿಸೋಣ್ವಾ? ಕಟಿಂಗ್ ಮತ್ತು ಮಡಕೆ ಅಂತ?" ಒಳಗಿನಿಂದ ತಮ್ಮನ ಕೂಗು.

"ಮೊದ್ಲು ಕನ್ನಡಿ ಒರೆಸೋ."

ಎರಡೇ ಕುರ್ಚಿಯ ಅಂಗಡಿ. ಒಂದು ಅಣ್ಣನದು, ಒಂದು ತಮ್ಮನದು. ಅಣ್ಣನಿಗೆ ಐವತ್ತೆರಡು. ಮಕ್ಕಳ ಬಾಯಲ್ಲಿ ಅವರು ಮಣ್ಣುಮಾಮ. ಕುರ್ಚಿಯ ಕೈಗಳ ಮೇಲೆ ಹಲಗೆಯಿಟ್ಟು ಮಗುವನ್ನು ಕೂರಿಸಿ, ಕತ್ತಿನ ಸುತ್ತ ಬಟ್ಟೆ ಕಟ್ಟುವ ಮುಂಚೆ ಒಂದು ಉಂಡೆಯನ್ನು ಅದರ ಕೈಗಿಡುತ್ತಾರೆ. ಬಟ್ಟೆಯ ಒಳಗೆ, ಕಣ್ಣಿಗೆ ಕಾಣದ ಹಾಗೆ, ಮಗು ಏನಾದರೂ ಮಾಡಬೇಕು. ಕಟಿಂಗ್ ಮುಗಿಯುವವರೆಗೆ ಇಣುಕುವಂತಿಲ್ಲ. ಬಟ್ಟೆ ತೆಗೆದಾಗ ಏನು ಬಂದಿದೆಯೋ ಅದು.

ಒಂದು ಕಾಲಕ್ಕೆ ಈ ಕನ್ನಡಿಗೂ ಫೋನ್ ಸಿಕ್ಕಿಸುವ ಸ್ಟ್ಯಾಂಡ್ ಇತ್ತು. ಹಾಕಿದ್ದು ಇವರೇ. ನಾಲ್ಕು ವರ್ಷದ ಹಿಂದೆ ಒಂದು ಮಗು ವಿಡಿಯೊ ನೋಡುತ್ತಾ ನಕ್ಕು ತಲೆ ಕುಣಿಸಿತು. ಕತ್ತರಿ ಕಿವಿಗೆ ತಾಗಿತು. ಎರಡು ಹೊಲಿಗೆ ಬಿತ್ತು.

"ನಾನು ರಕ್ತ ಒರೆಸೋಕೆ ಮುಂಚೆ ಅವರಪ್ಪ ವಿಡಿಯೊ ಮತ್ತೆ ಹಾಕಿದ್ರು. ಮಗು ಅಳು ನಿಲ್ಲಿಸಿಬಿಡ್ತು. ಕಿವಿಯಿಂದ ರಕ್ತ ತೊಟ್ಟಿಕ್ತಿದೆ, ಮಗು ನಗ್ತಿದೆ! ನನಗೆ ಭಯ ಆಗಿದ್ದು ಆಗ" ಎನ್ನುತ್ತಾರೆ ಅವರು.

ಸ್ಟ್ಯಾಂಡ್ ಅಂದೇ ಕಿತ್ತುಹಾಕಿದರು. ಮೊದಲು ಮಡಚಲು ಕಾಗದ ಕೊಟ್ಟರು. ಸರಬರ ಸದ್ದಾದಾಗೆಲ್ಲ ಮಗು ಬಗ್ಗಿ ನೋಡುತ್ತಿತ್ತು. ಗಂಟು ಹಾಕಲು ದಾರ ಕೊಟ್ಟರು. ಎಳೆದಾಗೆಲ್ಲ ಭುಜ ಮೇಲೇರುತ್ತಿತ್ತು. ಕೊನೆಗೆ ಕೈಹಿಡಿದದ್ದು ಮಣ್ಣು. "ಅದೂ ಮೆತ್ತಗಿರ್ಬೇಕು. ಗಟ್ಟಿಯಾದ್ರೆ ಮಗು ಹಲ್ಲು ಕಚ್ಚುತ್ತೆ. ಹಲ್ಲು ಕಚ್ಚಿದ್ರೆ ಕಿವಿ ಅಲ್ಲಾಡುತ್ತೆ. ಫೋನ್ ನೋಡೋ ಮಗುವಿನ ಕತ್ತು ಬಗ್ಗಿರುತ್ತೆ, ಹಿಂದಿನ ಗೆರೆ ಸೊಟ್ಟ ಬರುತ್ತೆ. ಮಣ್ಣು ಹಿಡಿದ ಮಗು ಮೇಲೆ ನೋಡುತ್ತೆ, ಏನೋ ಯೋಚಿಸೋರ ಥರ."

ಹೇರ್‌ಡೈ ಬಾಟಲಿಗಳಿದ್ದ ಕಪಾಟಿನಲ್ಲಿ ಈಗ ಮೂರು ಕಾಲಿನ ಆನೆ, ಬಾಗಿಲಿಲ್ಲದ ಮನೆ, 'ಅಜ್ಜಿಯ ಮೂಗು' ಎಂದು ಚೀಟಿ ಅಂಟಿಸಿದ ಒಂದು ಮುದ್ದೆ. ಮಗು ಇನ್ನೂ ಬಾಯಿ ಬಿಟ್ಟು ಅದರ ಕಥೆ ಹೇಳುತ್ತಿರುತ್ತದೆ, ಅಪ್ಪ ಫೋನ್ ತೆಗೆದು ಫೋಟೊ ಹೊಡೆದು ಯಾರಿಗೋ ಕಳಿಸಿ ಆಗಿರುತ್ತದೆ. ಕಥೆ ಕೇಳುವವರು ಮಣ್ಣುಮಾಮ ಒಬ್ಬರೇ.

ಮನೆಯಲ್ಲೂ ಇದಕ್ಕೆ ಹಾರ ಹಾಕುವವರಿಲ್ಲ. ಅಂಗಡಿಯ ಬಟ್ಟೆ ಒಗೆಯುವ ಹೆಂಡತಿ ಹೇಳುತ್ತಾರೆ: "ಹೊರಗಡೆ ಕೂದ್ಲು, ಒಳಗಡೆ ಮಣ್ಣು. ಇದನ್ನ ಒಗೀಬೇಕೋ ಹೂಳ್ಬೇಕೋ ನೀವೇ ಹೇಳಿ."

ಎದುರು ಸಾಲಿನಲ್ಲಿ ಹೊಸ ಅಂಗಡಿ ಬಂದಿದೆ. ಕಾರಿನ ಆಕಾರದ ಕುರ್ಚಿ, ಕುರ್ಚಿಗೊಂದು ವಿಡಿಯೊ ಪರದೆ. ಮಗುವಿನ ಬಾಯಿಗೆ ಹಾಕಲು ಇಷ್ಟು ಸಲೀಸಾದ ಬೀಗ ಸಿಗುವಾಗ ಮಣ್ಣು ಯಾರಿಗೆ ಬೇಕು? ಭಾನುವಾರ ಇಪ್ಪತ್ತು ಮಕ್ಕಳು ಬರುತ್ತಿದ್ದಲ್ಲಿ ಈಗ ಹನ್ನೊಂದು, ಹನ್ನೆರಡು. ತಮ್ಮ, ತಾಳ್ಮೆಗೆಟ್ಟು, ಅಂಥದೇ ಒಂದು ಪರದೆ ತಂದಿಟ್ಟಿದ್ದಾರೆ. ಅಣ್ಣನಿಂದ ಮಾತು ಪಡೆದೂ ಆಗಿದೆ: ಈ ಭಾನುವಾರ ಮೂರು ಮಕ್ಕಳು ಎದ್ದು ಹೋದರೆ ನಾಳೆ ಅದು ಗೋಡೆಗೆ.

ಮಧ್ಯಾಹ್ನದೊಳಗೆ ಇಬ್ಬರು ಹೋಗಿದ್ದಾರೆ.

ಮುಚ್ಚುವ ಹೊತ್ತಿಗೆ ತಾಯಿಯೊಬ್ಬರು ಐದು ವರ್ಷದ ಮಗಳನ್ನು ಎಳೆದುಕೊಂಡು ಬರುತ್ತಾರೆ. ಹಲಗೆ ಕಂಡದ್ದೇ ಹುಡುಗಿ ನೆಲಕ್ಕೆ ಬಿದ್ದು ರಂಪ ಮಾಡುತ್ತಾಳೆ. "ಫೋನ್ ಕೊಡು! ಫೋನ್ ಕೊಟ್ರೆ ಕೂರ್ತೀನಿ!" ತಾಯಿಯ ಕೈ ಚೀಲಕ್ಕೆ ಹೋಗುತ್ತದೆ.

"ಇಲ್ಲಿ ಫೋನ್ ಇಲ್ಲಮ್ಮ."

"ಹಾಗಾದ್ರೆ ಎದುರುಗಡೆಗೇ ಹೋಗ್ತೀವಿ ಬಿಡಿ."

ತಮ್ಮ, ಅಣ್ಣನ ಮುಖ ನೋಡುತ್ತಾರೆ. ಮಣ್ಣುಮಾಮ ತಮ್ಮದೇ ಕುರ್ಚಿಯ ಹಲಗೆ ತೆಗೆದು ಬದಿಗಿಡುತ್ತಾರೆ. "ಮಗು ಬೇಡ. ನೀವು ಕೂತ್ಕೊಳ್ಳಿ."

"ನಾನಾ? ನಂಗೇನು ಕಟಿಂಗಾ?"

"ಕಟಿಂಗ್ ಇಲ್ಲ. ಮಣ್ಣು ಅಷ್ಟೇ."

"ನಂಗೆ ಏನೂ ಮಾಡೋಕೆ ಬರಲ್ಲಪ್ಪ."

"ಬರ್ದಿದ್ರೆ ಸುಮ್ನೆ ಹಿಸುಕ್ತಿರಿ. ಬಟ್ಟೆ ಒಳಗೆ ಯಾರು ನೋಡ್ತಾರೆ?"

ದಣಿದ ಹೆಂಗಸು, ನಾಚಿಕೊಂಡೇ ಕೂರುತ್ತಾರೆ. ಮಣ್ಣುಮಾಮ ಒಂದು ಉಂಡೆ ಕೈಗಿಟ್ಟು ಬಟ್ಟೆ ಹೊದಿಸುತ್ತಾರೆ. ಆಮೇಲೆ ಬಟ್ಟೆಯ ಕೆಳಗೆ ಕೈಗಳು ಅಲುಗುತ್ತವೆ. ನೆಲದ ಮೇಲಿನ ಅಳು ತಗ್ಗುತ್ತದೆ.

"ಅಮ್ಮಾ, ಏನ್ ಮಾಡ್ತಿದ್ದೀಯ?"

"ಹೇಳಲ್ಲ ಹೋಗೇ."

"ಹಾವಾ?"

"ಹೇಳಲ್ಲ ಅಂದ್ನಲ್ಲ!"

ಹುಡುಗಿ ಎದ್ದು ಸುತ್ತ ನೋಡುತ್ತಾಳೆ. ಖಾಲಿ ಇರುವುದು ತಮ್ಮನ ಕುರ್ಚಿ. ತಾನೇ ಅದರ ಮೇಲೆ ಹತ್ತಿ ಎರಡೂ ಕೈ ಚಾಚುತ್ತಾಳೆ. "ನಂಗೆ ಅಮ್ಮನದಕ್ಕಿಂತ ದೊಡ್ದು."

ತಮ್ಮ, ಹಲಗೆ ಹಾಕಿ ಅವಳನ್ನು ಅದರ ಮೇಲೆ ಕೂರಿಸುತ್ತಾರೆ. ಆಮೇಲೆ ಅಣ್ಣನ ಉಂಡೆಗಳ ಡಬ್ಬಕ್ಕೆ ಕೈ ಹಾಕಿ ಎರಡು ಉಂಡೆ ಸೇರಿಸಿ ಒಂದು ಮಾಡಿ ಕೊಟ್ಟು, ಬಟ್ಟೆ ಕಟ್ಟಿ ಕತ್ತರಿ ಎತ್ತಿಕೊಳ್ಳುತ್ತಾರೆ. ಅವರದು ಚುರುಕು ಕೈ. ಹತ್ತು ನಿಮಿಷಕ್ಕೆ ಒಂದು ತಲೆ. ಅಂಗಡಿಯಲ್ಲಿ ಕಚಕಚ ಬಿಟ್ಟರೆ ಬೇರೆ ಸದ್ದಿಲ್ಲ. ಹುಡುಗಿ ನಾಲಿಗೆಯ ತುದಿ ಹೊರಗಿಟ್ಟುಕೊಂಡು ಮೇಲಕ್ಕೆ ನೋಡುತ್ತಿದ್ದಾಳೆ.

ಹದಿನೈದು ನಿಮಿಷ ಆಗುತ್ತದೆ. ತಾಯಿ ಮೆಲ್ಲಗೆ ಕೇಳುತ್ತಾರೆ, "ಇನ್ನೂ ಆಗಿಲ್ವಾ?"

ಮಣ್ಣುಮಾಮ ಬಗ್ಗಿ ಪಿಸುಗುಟ್ಟುತ್ತಾರೆ. "ಏಳ್ಬೇಡಿ. ಸದ್ದು ಕೇಳಿ. ಕೂದ್ಲು ಸಿಕ್ಕಿದ ಕತ್ತರಿ ಸದ್ದೇ ಬೇರೆ, ಬರೀ ಕತ್ತರಿ ಸದ್ದೇ ಬೇರೆ. ಕಟಿಂಗ್ ಆಗಲೇ ಮುಗೀತು. ಮಗು ಕೈ ಇನ್ನೂ ಮುಗಿದಿಲ್ಲ. ಅದಕ್ಕೇ ಅವನು ಐದು ನಿಮಿಷದಿಂದ ಗಾಳಿ ಕತ್ತರಿಸ್ತಿದ್ದಾನೆ." ಒಮ್ಮೆ ತಮ್ಮನ ಬೆನ್ನು ನೋಡಿ, ಇನ್ನೂ ಸಣ್ಣ ದನಿಯಲ್ಲಿ ಸೇರಿಸುತ್ತಾರೆ: "ಇದನ್ನ ನಾನು ಹೇಳ್ಕೊಟ್ಟಿದ್ದಲ್ಲ."