ಚೀಟಿ ಅಂಟಿಸುವ ಸಮಾಧಾನಕ್ಕ

ಸಮಾಧಾನಕ್ಕ ಭಾನುವಾರದ ಸಭೆಗೆ ಬೈಬಲ್ಲಿನ ಜೊತೆ ಒಂದು ಸ್ಟೀಲ್ ಡಬ್ಬಿಯನ್ನೂ ತರುತ್ತಿದ್ದರು. ಹೊಸಬರು ಅದರಲ್ಲಿ ಚಿತ್ರಾನ್ನವೋ ಉಪ್ಪಿನಕಾಯಿಯೋ ಇರಬೇಕು ಅಂದುಕೊಳ್ಳುತ್ತಿದ್ದರು. ಇದ್ದದ್ದು ಮೈದಾ ಅಂಟು. ನಮ್ಮ ಸಭೆಗೆ ಒಂದು ಉಪದೇಶದ ಪುಸ್ತಕವಿದೆ. ವರ್ಷಕ್ಕೊಮ್ಮೆಯಾದರೂ ಮೇಲಿನವರಿಂದ ಕಾಗದ ಬರುತ್ತದೆ, ಇಂಥ ಪುಟದ ಇಂಥ ಸಾಲನ್ನು ಇನ್ನು ಮೇಲೆ ಹೀಗೆ ಓದಿಕೊಳ್ಳಿ ಅಂತ. ಜೊತೆಗೆ ಅಚ್ಚಾದ ಚೀಟಿಗಳು. ಹಳೆಯ ಸಾಲಿನ ಮೇಲೆ ಅವನ್ನು ಅಂಟಿಸಬೇಕು. ಸಭೆಯ ನಲವತ್ತು ಪುಸ್ತಕಕ್ಕೂ ಅಂಟಿಸುತ್ತಿದ್ದವರು ಸಮಾಧಾನಕ್ಕ ಒಬ್ಬರೇ. ಹುಣಸೂರಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವರು, ಅಂಟಿನ ಹದ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಕುಳ್ಳಗೆ, ದಪ್ಪಗೆ ಇದ್ದರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಸಭೆಯಲ್ಲಿ ಎಲ್ಲರೂ ಎಲ್ಲರಿಗೂ ‘ಸಹೋದರ’, ‘ಸಹೋದರಿ’. ನಾನೂ ಒಮ್ಮೆ ಹಾಗೆ ಕರೆಯಲು ಹೋಗಿ ಬೈಸಿಕೊಂಡೆ. “ಅಕ್ಕಾ ಅನ್ಲಾ. ಆ ಸವೋದ್ರಿ ಗಿವೋದ್ರಿ ಎಲ್ಲ ಮೈಕ್ ಮುಂದ್ಕೆ ಇಟ್ಕೊ” ಅಂದರು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ನನಗೆ ಅಮ್ಮ ಇರಲಿಲ್ಲ. ಭಾನುವಾರದ ಸಾರು ಅವರ ಮನೆಯದೇ ಆಗಿತ್ತು.

ಅಂತ್ಯಕಾಲ ಯಾವಾಗ ಎಂಬ ಪುಟದ ಮೇಲೆ ನಾನು ಕಂಡಂತೆ ಮೂರು ಚೀಟಿ ಕೂತಿದ್ದವು. ಪುಟ ಒಬ್ಬಟ್ಟಿನಷ್ಟು ದಪ್ಪವಾಗಿತ್ತು. ಮೂರನೆಯ ಚೀಟಿ ಬಂದಾಗ ಸಭೆಯ ಹಿರಿಯರಲ್ಲೊಬ್ಬರಾದ ಜಯಪಾಲಣ್ಣ ಎದ್ದು ನಿಂತು, “ಬೆಳಕು ದಿನೇ ದಿನೇ ಹೆಚ್ಚಾಗುತ್ತದೆ, ಪ್ರಿಯರೇ” ಎಂದು ವಿವರಿಸಿದರು. ನನ್ನ ಪಕ್ಕದಲ್ಲಿದ್ದ ಸಮಾಧಾನಕ್ಕ ಹಾಡಿನ ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟಿದರು: “ಬೆಳಕು ಜಾಸ್ತಿ ಆಯ್ತದೆ, ಸರಿ. ಆಗ ಕತ್ಲಾಗಿತ್ತು ಅಂತ ಮಾತ್ರ ಯಾರೂ ಒಪ್ಕಳಲ್ವಲ್ಲ.” ನನಗೆ ನಗು ತಡೆಯಲಾಗಲಿಲ್ಲ, ಕೆಮ್ಮಿದಂತೆ ಮಾಡಿದೆ. ಅವರು ಮಾತ್ರ ಎಲ್ಲರಿಗಿಂತ ಜೋರಾಗಿ ‘ಆಮೆನ್’ ಅಂದರು.

ಅದೇ ದಿನ ಅವರ ಸ್ವಂತ ಪುಸ್ತಕ ನನ್ನ ಕೈಗೆ ಬಂತು. ನಮ್ಮ ಪುಸ್ತಕಗಳಲ್ಲಿ ನಾಲ್ಕು ಅಂಚೂ ಉಗುರು ಹೋಗದಂತೆ ಒತ್ತಿ ಅಂಟಿಸಿದ್ದವರು ತಮ್ಮದರಲ್ಲಿ ಮೇಲಂಚಿಗಷ್ಟೇ ಒಂದು ಗೆರೆ ಅಂಟು ಸವರಿದ್ದರು. ಚೀಟಿಯನ್ನು ಬಾಗಿಲ ಪರದೆಯಂತೆ ಎತ್ತಿ ಹಳೆಯದನ್ನು ಓದಬಹುದಿತ್ತು. ನಾನು ಅವರ ಮುಖ ನೋಡಿದೆ.

“ಕೆಳ್ಗಡೆ ಏನಿತ್ತು ಅಂತ ನಂಗಾದ್ರೂ ಗ್ಯಾನ ಇರ್ಬೇಕಲ್ವಾ” ಎಂದು ಪುಸ್ತಕ ಕಿತ್ತುಕೊಂಡರು.

ಇದಕ್ಕೆ ಕಾರಣ ಅವರ ತಂಗಿ ಸುಶೀಲಮ್ಮ. ಹೊಗೆಸೊಪ್ಪನ್ನು ಸೇದುವುದಿರಲಿ, ಬೆಳೆಯುವುದೂ ಮುಟ್ಟುವುದೂ ಪಾಪ ಎನ್ನುವುದು ನಮ್ಮ ಸಭೆಯ ಉಪದೇಶ. ಹುಣಸೂರು ಸೀಮೆಯಲ್ಲಿ ಹೊಗೆಸೊಪ್ಪು ಮುಟ್ಟಬೇಡ ಅಂದರೆ ಬದುಕಲು ಬೇರೆ ತಾಲ್ಲೂಕು ಹುಡುಕಿಕೋ ಅಂದ ಹಾಗೆ. ರತ್ನಪುರಿಯಲ್ಲಿದ್ದ ಸುಶೀಲಮ್ಮನ ಗಂಡ ಹೊಲದಲ್ಲಿ ಸೊಪ್ಪನ್ನು ಬೆಂಕಿಯ ಕಾವಿಗೆ ಒಣಗಿಸುವ ಬ್ಯಾರನ್ ಮನೆ ಕಟ್ಟಿದ. ಹಿರಿಯರು ಹೋಗಿ ಬುದ್ಧಿ ಹೇಳಿದರು. “ಬ್ಯಾರನ್ ಕಿತ್ತಾಕಿ ಮಕ್ಳಿಗೆ ಏನಿಕ್ಲಿ, ನೀವೇ ಯೋಳಿ” ಎಂದು ಸುಶೀಲಮ್ಮ ಕೇಳಿದರಂತೆ. ಮುಂದಿನ ಭಾನುವಾರ ಇಬ್ಬರನ್ನೂ ಸಭೆಯಿಂದ ಹೊರಗೆ ಹಾಕಲಾಯಿತು. ಹೊರಗೆ ಹಾಕಿದವರನ್ನು ಒಡಹುಟ್ಟಿದವರೂ ಮಾತಾಡಿಸುವಂತಿಲ್ಲ. ಸಮಾಧಾನಕ್ಕ ಹನ್ನೊಂದು ವರ್ಷ ತಂಗಿಯನ್ನು ಮಾತಾಡಿಸಲಿಲ್ಲ.

ಒಮ್ಮೆ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಎದುರಾದರು. ಸುಶೀಲಮ್ಮ “ಅಕ್ಕಾ” ಅಂದರು. ಸಮಾಧಾನಕ್ಕ ತಪ್ಪಿಸಿಕೊಳ್ಳಲು ಎದುರಿಗಿದ್ದ ಬಸ್ ಹತ್ತಿ ಕೂತರು. ಅವರು ಹೋಗಬೇಕಾಗಿದ್ದದ್ದು ಕೆ.ಆರ್. ನಗರಕ್ಕೆ, ಬಸ್ಸು ಪಿರಿಯಾಪಟ್ಟಣದ್ದು. “ಪಿರಿಯಾಪಟ್ಣಗಂಟ ವೋಗಿ, ಒಂದ್ ಕಾಫಿ ಕುಡ್ದು, ಅದೇ ಬಸ್ಸಲ್ಲಿ ವಾಪಸ್ ಬಂದೆ ಕಣ್ಲಾ” ಎಂದು ನನಗೆ ಹೇಳಿದರು. ನಾನು ನಕ್ಕೆ. ಅವರು ಸಾರಿನ ಪಾತ್ರೆಗೆ ಸೌಟು ಹಾಕಿ ತಿರುಗಿಸುತ್ತಲೇ ಇದ್ದರು. ಅವರಿಗೆ ನಗು ಬಂದಿರಲಿಲ್ಲ.

ಹೋದ ವರ್ಷ ಹೊಗೆಸೊಪ್ಪಿನ ಕೊಯ್ಲಿನ ಹೊತ್ತಿಗೆ ಹೊಸ ಕಾಗದ ಬಂತು. ಹೊರಗೆ ಹಾಕಿದವರು ಎದುರಾದರೆ ನಮಸ್ಕಾರ ಹೇಳಿ ಕ್ಷೇಮ ವಿಚಾರಿಸಬಹುದು, ಅದಕ್ಕಿಂತ ಹೆಚ್ಚಿನ ಸಹವಾಸ ಕೂಡದು. ಜಯಪಾಲಣ್ಣ ಇದನ್ನು ದೇವರ ಕರುಣೆ ಎಂದರು. ಸಮಾಧಾನಕ್ಕ ಎಂದಿನಂತೆ ನಲವತ್ತು ಚೀಟಿ ಅಂಟಿಸಿದರು, ನಾಲ್ಕೈದು ಸೊಟ್ಟಗೆ ಕೂತವು. ಡಬ್ಬಿಯ ಮುಚ್ಚಳ ಹಾಕುತ್ತಾ ನನಗೆ, “ಗಾಡಿ ತಕ್ಕೊಂಡು ಬಾ, ರತ್ನಪುರಿಗೆ ವೋಗ್ಬೇಕು” ಎಂದರು.

ಸುಶೀಲಮ್ಮ ಜಗುಲಿಯ ಮೇಲೆ ಕೂತು, ಬ್ಯಾರನ್ನಿಗೆ ಏರಿಸುವ ಕೋಲಿಗೆ ಹಸಿ ಸೊಪ್ಪು ಕಟ್ಟುತ್ತಿದ್ದರು. ಅಕ್ಕನನ್ನು ನೋಡಿ ಏಳಲಿಲ್ಲ.

“ಕಾಗ್ದ ಬಂತಾ?” ಅಂದರು.

ಒಳಗಿನ ಸುದ್ದಿ ಹೊರಗಿನವರಿಗೆ ಬೇಗ ಮುಟ್ಟುತ್ತದೆ. ಸಮಾಧಾನಕ್ಕ ಸುಳ್ಳು ಹೇಳಬಹುದಿತ್ತು, ನಿನ್ನ ನೋಡಬೇಕು ಅನ್ನಿಸಿತು, ಬಂದೆ ಅಂತ. “ಹೂಂ, ಬಂತು” ಅಂದರು. ಜಗುಲಿ ಹತ್ತಿ ತಂಗಿಯ ಪಕ್ಕ ಕೂತರು. ಸೆರಗು ಸಿಕ್ಕಿಸಿಕೊಂಡು, ರಾಶಿಯಿಂದ ಎಲೆ ಎತ್ತಿ ಕಟ್ಟತೊಡಗಿದರು. ಮದುವೆಗೆ ಮುಂಚೆ ಕೂಲಿಗೆ ಹೋಗಿ ಕಲಿತ ಕೆಲಸ, ಕೈ ಮರೆತಿರಲಿಲ್ಲ. ಸಂಜೆವರೆಗೆ ಇಬ್ಬರೂ ಕಟ್ಟಿದರು. ಸುಶೀಲಮ್ಮ ಮುದ್ದೆ ಇಕ್ಕಿದರು, ಸಮಾಧಾನಕ್ಕ ಉಂಡರು. ವಾಪಸ್ ಬರುವ ದಾರಿಯಲ್ಲಿ ಗಾಡಿಯ ಹಿಂದಿನ ಸೀಟಿನಿಂದ ಒಂದೇ ಮಾತು ಕೇಳಿಸಿತು: “ನನ್ ತಂಗೀನ ಮಾತಾಡ್ಸಕ್ಕೆ ನಂಗೆ ಕಾಗ್ದ ಬೇಕಾಯ್ತಲ್ಲಪ್ಪ.”

ಹಸಿ ಸೊಪ್ಪಿನ ಕಪ್ಪು ವಾರವಾದರೂ ಕೈ ಬಿಡುವುದಿಲ್ಲ. ಮುಂದಿನ ಭಾನುವಾರ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು, ಅದೇ ಕುರ್ಚಿಯಲ್ಲಿ ಕೂತು, ಎಲ್ಲ ಹಾಡುಗಳನ್ನೂ ಹಾಡಿದರು. ಆಮೇಲೂ ರತ್ನಪುರಿಗೆ ಹೋಗಿ ಬರುತ್ತಿದ್ದರು. ಒಂದು ಭಾನುವಾರವೂ ಸಭೆ ತಪ್ಪಿಸಲಿಲ್ಲ. ನನಗೆ ಇದು ಅರ್ಥವಾಗುತ್ತಿರಲಿಲ್ಲ, ಸಿಟ್ಟೂ ಬರುತ್ತಿತ್ತು. ಈ ವರ್ಷ ಎದೆನೋವೆಂದು ಮೈಸೂರಿನ ಆಸ್ಪತ್ರೆಗೆ ಸೇರುವ ಮುಂಚಿನ ಭಾನುವಾರ, ಸಭೆಯ ಮೆಟ್ಟಿಲ ಮೇಲೆ ಚಪ್ಪಲಿ ಹುಡುಕುತ್ತಿದ್ದಾಗ ಕೇಳಿಯೇಬಿಟ್ಟೆ.

“ನಂಬಿಕೆ ಇಲ್ಲ ಅಂದ್ಮೇಲೆ ಯಾಕಕ್ಕ ಬರ್ತೀರ?”

“ದೇವ್ರ ಮ್ಯಾಲೆ ನಂಬ್ಕೆ ಅದೆ ಕಣಪ್ಪ. ಚೀಟಿ ಮ್ಯಾಲೆ ಇಲ್ಲ.”

“ಹಾಗಂತ ಎದ್ದು ನಿಂತು ಹೇಳಿ.”

“ಯೋಳ್ಬೋದು. ಯೋಳುದ್ರೆ ಹೊರಗಾಕ್ತರೆ. ಆಗ ನೀನು ನಮ್ಮನೇಗೆ ಬಂದು ಉಂಡೋಯ್ತೀಯಾ?”

ಬರುತ್ತೇನೆ ಅನ್ನಬೇಕಿತ್ತು. ಒಂದೇ ಮಾತು. ಆ ತಿಂಗಳು ನನ್ನನ್ನು ಸಭೆಯ ಸೇವಕನಾಗಿ, ಅಂದರೆ ಹಿರಿಯರ ನಂತರದ ಸ್ಥಾನಕ್ಕೆ, ನೇಮಿಸಲಿದ್ದರು. ನಾನು ಬಗ್ಗಿ ಚಪ್ಪಲಿ ಹಾಕಿಕೊಳ್ಳತೊಡಗಿದೆ.

“ಇರ್ಲಿ ಬುಡು, ಬಾಯ್ ಮಾತ್ಗೆ ಯೋಳ್ಬ್ಯಾಡ” ಎಂದು ನನ್ನ ಹೆಗಲು ಹಿಡಿದುಕೊಂಡೇ ಮೆಟ್ಟಿಲಿಳಿದರು.

ಮೈಸೂರಿನಿಂದ ಅವರು ಜೀವಂತವಾಗಿ ಬರಲಿಲ್ಲ. ಮಣ್ಣು ಮಾಡುವಾಗ ಪ್ರಾರ್ಥನೆ ನನ್ನ ಪಾಲಿಗೆ ಬಂತು. ಕಡೆಯವರೆಗೂ ಉಪದೇಶದಲ್ಲಿ ಸ್ಥಿರವಾಗಿದ್ದ ಸಹೋದರಿ ಎಂದು ಹೇಳಿದೆ, ಎಲ್ಲರೂ ಆಮೆನ್ ಅಂದರು. ಸುಶೀಲಮ್ಮ ಸ್ಮಶಾನದ ಗೇಟಿನ ಆಚೆ ಒಬ್ಬರೇ ನಿಂತು ಅಳುತ್ತಿದ್ದರು. ಜಯಪಾಲಣ್ಣ ನೋಡುತ್ತಿದ್ದರು. ನಾನು ಹೋಗಿ ನಮಸ್ಕಾರ ಎಂದೆ, ಚೆನ್ನಾಗಿದ್ದೀರಾ ಎಂದೆ, ವಾಪಸ್ ಬಂದು ನನ್ನವರ ಜೊತೆ ನಿಂತುಕೊಂಡೆ.